ಹೈಫನ್ ಎ ಪುರಾಣ

ಮರಳೂರಿನಲ್ಲಿ ಮಹಡಿ ಮನೆಯನ್ನು ಇಂಜಿನಿಯರಿಂಗ್ ಹುಡುಗರಿಗೆ ಬಾಡಿಗೆ ಕೊಡುವವರಿಗೆ ಒಂದು ವಿದ್ಯೆ ತಾನಾಗಿ ಬರುತ್ತದೆ. ಹುಡುಗ ಯಾವ ಬ್ರಾಂಚು ಎಂದು ಕೇಳಬೇಕಾಗಿಲ್ಲ, ಮೇಜಿನ ಮೇಲೆ ಕಣ್ಣು ಹಾಯಿಸಿದರೆ ಸಾಕು. ಸಿವಿಲ್‌ನವನ ಮೌಸ್ ಸವೆದಿರುತ್ತದೆ. ಮೆಕ್ಯಾನಿಕಲ್‌ನವನದು ಬಿಚ್ಚಿಕೊಂಡಿರುತ್ತದೆ. ಕಂಪ್ಯೂಟರ್ ಸೈನ್ಸಿನವನಿಗೆ ಲಿನಕ್ಸ್ ಹುಚ್ಚು ಹತ್ತಿತೆಂದರೆ ಮೌಸೇ ಇರುವುದಿಲ್ಲ, ಕಪಾಟಿನ ಮೇಲೆ ಧೂಳು ತಿನ್ನುತ್ತಿರುತ್ತದೆ.

ಇಂಥವನಿಗೆ "ಈ ಫೈಲು ಸ್ವಲ್ಪ ಮೇಲ್ ಮಾಡಪ್ಪ" ಅನ್ನಬಾರದು. ನಾವಾದರೆ ಪೇಪರ್ ಕ್ಲಿಪ್ಪಿನ ಗುರುತು ಒತ್ತಿ, ಫೈಲು ಆರಿಸಿ, ಕಳಿಸಿ, ಕಾಫಿಗೆ ಎದ್ದಿರುತ್ತೇವೆ. ಅವನು ಕರಿ ಪರದೆ ತೆರೆಯುತ್ತಾನೆ. "ಒಂದೇ ಸಾಲು ಅಂಕಲ್, ಎರಡು ಸೆಕೆಂಡು" ಅನ್ನುತ್ತಾನೆ. ಸಾಲು ಒಂದೇ, ಅದರಲ್ಲಿ ಸುಳ್ಳಿಲ್ಲ. ಆ ಸಾಲು ಬರೆಯುವುದು ಹೇಗೆಂದು ಹುಡುಕಲು ಮುಕ್ಕಾಲು ಗಂಟೆ ಹಿಡಿಯುತ್ತದೆ, ಅದು ಎರಡು ಸೆಕೆಂಡಿನ ಲೆಕ್ಕಕ್ಕೆ ಸೇರುವುದಿಲ್ಲ.

ಎಲ್ಲ ಜಗಳವೂ ಹೈಫನ್ ಎ ಎಂಬ ಎರಡಕ್ಷರದ್ದು. ಕಮಾಂಡಿನ ಹೆಸರು ಎಲ್ಲ ಕಡೆಯೂ 'ಮೇಲ್' ಎಂದೇ. ರೆಡ್ ಹ್ಯಾಟ್ ಬಳಗದ ಲಿನಕ್ಸ್ ಯಂತ್ರಗಳಲ್ಲಿ ಅದಕ್ಕೆ ಹೈಫನ್ ಸಣ್ಣ ಎ ಹಾಕಿ ಫೈಲಿನ ಹೆಸರು ಕೊಟ್ಟರೆ ಫೈಲು ಲಗತ್ತಾಗುತ್ತದೆ. ಅದೇ ಸಾಲನ್ನು ಡೆಬಿಯನ್ ಬಳಗದ ಲಿನಕ್ಸ್ ಯಂತ್ರದಲ್ಲಿ ಹೊಡೆದರೆ, 'ಓಹೋ, ಪತ್ರದ ತಲೆಯಲ್ಲಿ ಈ ಸಾಲೊಂದನ್ನು ಸೇರಿಸಬೇಕೇನೋ' ಎಂದುಕೊಂಡು ಫೈಲಿನ ಹೆಸರನ್ನೇ ಅಲ್ಲಿ ತುರುಕುತ್ತದೆ. ಗ್ನೂ ಮೇಲ್‌ಯುಟಿಲ್ಸ್ ಎಂಬ ಇನ್ನೊಂದು ಪಂಗಡವಿದೆ. ಅಲ್ಲಿ ಲಗತ್ತಿಗೆ ದೊಡ್ಡ ಎ, ತಲೆಬರಹಕ್ಕೆ ಸಣ್ಣ ಎ. ಬಸ್ ಸ್ಟ್ಯಾಂಡಿನಲ್ಲಿ ಆಟೋದವನಿಗೆ ಬರೀ 'ಮರಳೂರು' ಅಂದರೆ ದಿಣ್ಣೆಯೋ, ಕೆರೆಯೋ, ಕಾಲೇಜೋ ಎಂದಾದರೂ ಕೇಳುತ್ತಾನೆ. ಇದು ಕೇಳುವುದೂ ಇಲ್ಲ, ಹೊರಟೇಬಿಡುತ್ತದೆ.

ಬಲ್ಲವರು ಇದಕ್ಕೇ 'ಮಟ್' ಹಿಡಿಯಿರಿ ಅನ್ನುತ್ತಾರೆ. ಮೈಕೆಲ್ ಎಲ್ಕಿನ್ಸ್ 1995ರಲ್ಲಿ ಬರೆದ ತಂತ್ರಾಂಶ, ಹೆಸರಿನ ಅರ್ಥ ಕಂತ್ರಿನಾಯಿ. ಮೇಲ್ ತಂತ್ರಾಂಶಗಳೆಲ್ಲ ದರಿದ್ರವೇ, ಇದರ ದಾರಿದ್ರ್ಯ ಸ್ವಲ್ಪ ಕಡಿಮೆ ಎಂದು ಅದರ ಕರ್ತೃವೇ ಹೇಳಿಕೊಂಡಿದ್ದಾನೆ. ಜಾಹೀರಾತಿನಲ್ಲಿ ಇಷ್ಟು ಪ್ರಾಮಾಣಿಕತೆ ನಾನಂತೂ ಬೇರೆಲ್ಲೂ ಕಂಡಿಲ್ಲ. ಇದರಲ್ಲಿ ಹೈಫನ್ ಎ ಅಂದರೆ ಲಗತ್ತೇ. ಒಂದರ ಹಿಂದೆ ಒಂದು ಎಷ್ಟು ಫೈಲಾದರೂ ಕೊಡಬಹುದು. ಆದರೆ ಫೈಲುಗಳು ಮುಗಿದವು ಎನ್ನಲು ಎರಡು ಹೈಫನ್ ಜೋಡಿಸಿ ಹಾಕಬೇಕು. ಮರೆತರೋ, ಮುಂದೆ ಬರುವ ವಿಳಾಸವನ್ನೂ ಫೈಲೆಂದೇ ತಿಳಿದು ಹುಡುಕುತ್ತದೆ. ಪ್ರಿನ್ಸಿಪಾಲರಿಗೆ ವರದಿ ಕಳಿಸಲು ಹೋದವನಿಗೆ, ಪ್ರಿನ್ಸಿಪಾಲರ ಹೆಸರಿನ ಕಡತವೇ ಇಲ್ಲಿಲ್ಲ, ಲಗತ್ತಿಸಲಾಗದು ಎಂಬ ಹಿಂಬರಹ ಬರುತ್ತದೆ.

ಇಷ್ಟೆಲ್ಲ ಒದ್ದಾಟ ಯಾಕೆಂದರೆ, ಇ-ಮೇಲ್ ಹುಟ್ಟಿದ್ದು ಫೈಲು ಹೊರುವುದಕ್ಕಲ್ಲ. 1982ರ ಎಸ್‌ಎಂಟಿಪಿ ಎಂಬ ಮೇಲ್ ಸಾಗಣೆಯ ನಿಯಮದಲ್ಲಿ ಏಳು ಬಿಟ್ಟಿನ ಇಂಗ್ಲಿಷ್ ಅಕ್ಷರಗಳಿಗೆ ಮಾತ್ರ ಪ್ರವೇಶ. ಚಿತ್ರ, ಹಾಡು, ಕನ್ನಡ ಇವಕ್ಕೆಲ್ಲ ಬಾಗಿಲಿಲ್ಲ. ಅದಕ್ಕೂ ಮುಂಚೆಯೇ, 1980ರಲ್ಲಿ, ಬರ್ಕ್ಲಿಯ ಮೇರಿ ಆನ್ ಹಾರ್ಟನ್ ಯಾವ ಫೈಲನ್ನಾದರೂ ಇಂಗ್ಲಿಷ್ ಅಕ್ಷರಗಳ ವೇಷ ತೊಡಿಸಿ ಸಾಗಿಸುವ ಯುಯುಎನ್‌ಕೋಡ್ ಎಂಬ ಉಪಾಯ ಮಾಡಿದ್ದಳು. ಈಗ ನಾವು ಲಗತ್ತು ಎನ್ನುವುದಕ್ಕೆ ಶಾಸ್ತ್ರ ಹಾಕಿಕೊಟ್ಟವರು ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್. 1992ರ ಮಾರ್ಚ್ 11ರಂದು ಬೊರೆನ್‌ಸ್ಟೈನ್ ಮೈಮ್ ಎಂಬ ಆ ಪದ್ಧತಿಯ ಮೊದಲ ಲಗತ್ತು ಕಳಿಸಿದ. ಅದರಲ್ಲಿದ್ದದ್ದು ಅವನೂ ಸೇರಿ ನಾಲ್ವರು ಹಾಡುವ ಮೇಳದ ಫೋಟೋ, ಜತೆಗೆ ಅವರ ಹಾಡು. ಕಚೇರಿ ಸುತ್ತೋಲೆಯಲ್ಲ, ಬಯೋಡೇಟಾ ಅಲ್ಲ, ಹಾಡು! ಆಮೇಲೆ ಬಂದವರು ನಾವು ಅದನ್ನು ಪಿಡಿಎಫ್ ಹೊರುವ ಕೂಲಿಗೆ ಹಚ್ಚಿದೆವು.

ಮೈಮ್‌ನ ವೇಷದ ಹೆಸರು ಬೇಸ್-64. ಮೂರು ಬೈಟು ಕೊಟ್ಟರೆ ನಾಲ್ಕು ಇಂಗ್ಲಿಷ್ ಅಕ್ಷರ ಮಾಡಿಕೊಡುತ್ತದೆ. ಇಲ್ಲೊಂದು ತಮಾಷೆಯಿದೆ. ಯಂತ್ರ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಗುಣಿತಚಿಹ್ನೆಗೂ ಸರಿಯಾಗಿ ಮೂರು ಬೈಟು. ಅಂದರೆ ಒಂದೊಂದಕ್ಕೂ ನಾಲ್ಕು ನಾಲ್ಕು, ಅಳೆದು ಹೊಲಿದ ಲೆಕ್ಕ. 'ಮರಳೂರು' ನಮ್ಮ ಕಣ್ಣಿಗೆ ನಾಲ್ಕಕ್ಷರ, ಯಂತ್ರಕ್ಕೆ ಎರಡು ಕೊಂಬೂ ಸೇರಿ ಆರು. ಬೈಟು 18, ವೇಷ ಹಾಕಿದ ಮೇಲೆ 24 ಅಕ್ಷರ. ಆ ಆರರಲ್ಲಿ ಪ್ರತಿಯೊಂದೂ 4 ಎಂಬ ಅಂಕಿ, ಅದರ ಹಿಂದೆ ಎಲ್ ಎಂದೇ ಶುರು. ಬರೀ ಕನ್ನಡದ ಪದ ಎಲ್ಲಿಂದ ತಂದರೂ ಇದೇ ಮನೆತನದ ಗುರುತು, ಪಂಪನದಾದರೂ ಸರಿ, ಬಾಡಿಗೆ ರಸೀದಿಯದಾದರೂ ಸರಿ. ನಡುವೆ ಒಂದು ಖಾಲಿ ಜಾಗ ಬಂತೋ, ಎಲ್ಲ ಒಂದು ಬೈಟು ಪಕ್ಕಕ್ಕೆ ಸರಿದು ಮುಂದಿನ ಪದ ಬೇರೆ ಮುಖ ಹೊತ್ತು ನಿಲ್ಲುತ್ತದೆ.

ವೇಷ ತೊಟ್ಟರೆ ಮೈ ದಪ್ಪವಾಗಲೇಬೇಕಲ್ಲ. ಫೈಲಿನ ತೂಕ ಮೂರನೇ ಒಂದು ಪಾಲು ಏರುತ್ತದೆ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರನ್ನು ತಂದಂತೆಯೇ ಬಿಟ್ಟರೆ ಒಂದು ಪತ್ರಕ್ಕೆ ಅದರ ಮಿತಿ 1,02,40,000 ಬೈಟು, ಹತ್ತು ಎಂಬಿ ಚಿಲ್ಲರೆ. 8 ಎಂಬಿಯ ವರದಿ ಕಳಿಸಿದ ಹುಡುಗ, ಹತ್ತಕ್ಕಿಂತ ಎಂಟು ಕಮ್ಮಿಯಲ್ಲವಾ ಎಂದು ಗಣಿತ ಹೇಳುತ್ತಾ ಕೂರುತ್ತಾನೆ. ಸರ್ವರ್ ತೂಗುವುದು ವೇಷ ಸಮೇತ. ಇದೂ ದಾಟಿತೆಂದರೆ, ಗೂಗಲ್ ಖಾತೆಯಿಂದ ಕಳಿಸುವವನಿಗೆ ಗೂಗಲ್ ಬಾಗಿಲಲ್ಲಿ ನಿಂತಿದೆ. 2022ರ ಮೇ 30ರಿಂದ ಇಂಥ ತಂತ್ರಾಂಶಗಳು ಬರೀ ಪಾಸ್‌ವರ್ಡ್ ಹೇಳಿ ಒಳಗೆ ಹೋಗುವ ಕಾಲ ಮುಗಿಯಿತು. ಹದಿನಾರು ಅಕ್ಷರದ ಆಪ್ ಪಾಸ್‌ವರ್ಡ್ ಬೇರೆ ಪಡೆಯಬೇಕು.

ಹಾಗಾದರೆ ಈ ಕರಿ ಪರದೆಯ ಹುಡುಗನ ಪರವಾಗಿ ಹೇಳುವ ಮಾತೇ ಇಲ್ಲವೇ? ಇದೆ. 'ಅಡಕ: ಮೇಲ್ಕಂಡಂತೆ' ಎಂದು ಬರೆದು ಅಡಕವನ್ನೇ ಇಡದೆ ಕಳಿಸುವುದು ನಮ್ಮ ಕಚೇರಿಗಳ ಪುರಾತನ ಕಲೆ. ಇ-ಮೇಲ್ ಬಂದಮೇಲೂ ಅದಕ್ಕೆ ಕುಂದು ಬಂದಿಲ್ಲ. ಮಟ್‌ನಲ್ಲಿ ಹೈಫನ್ ಎ ಹಾಕಿದಮೇಲೆ ಈ ಕಲೆ ನಡೆಯದು. ಹೇಳಿದ ಫೈಲು ಇದ್ದರೆ ಹೊರಡುತ್ತದೆ, ಇಲ್ಲದಿದ್ದರೆ ಪತ್ರವೇ ಹೊರಡುವುದಿಲ್ಲ. ಜತೆಗೆ ಕ್ರಾನ್ ಎಂಬ ಕಾವಲುಗಾರನಿಗೆ ಆ ಒಂದು ಸಾಲು ಒಪ್ಪಿಸಿದರೆ ರಾತ್ರಿ ಎರಡಕ್ಕೆ ತಾನೇ ವರದಿ ಲಗತ್ತಿಸಿ ಕಳಿಸುತ್ತಾನೆ. ಹಬ್ಬ, ಹಾಳು ಭಾನುವಾರ, ಯಾವುದಕ್ಕೂ ರಜೆ ಕೇಳುವುದಿಲ್ಲ. ಪೇಪರ್ ಕ್ಲಿಪ್ ಒತ್ತುವ ನಮ್ಮಂಥವರು ಆ ಹೊತ್ತಿಗೆ ಗೊರಕೆಯಲ್ಲಿರುತ್ತೇವೆ.

ನಮ್ಮ ಮಹಡಿಯ ಹುಡುಗನೊಬ್ಬ ಕೆಲಸಕ್ಕೆ ಸೇರಿದ ಆಫೀಸಿನಲ್ಲಿ ಇದನ್ನೇ ಮಾಡಿಟ್ಟ. ದಿನಾ ಬೆಳಗ್ಗೆ ಸಾಹೇಬರ ಪೆಟ್ಟಿಗೆಯಲ್ಲಿ ಬಿಸಿಬಿಸಿ ವರದಿ. ಮೆಚ್ಚುಗೆಯ ಮಾತು ಬರುತ್ತದೆಂದು ಕಾದ. ಒಂದು ದಿನ ಕರೆದರು.

"ಏನಪ್ಪಾ, ದಿನಾ ರಾತ್ರಿ ಎರಡು ಗಂಟೆವರೆಗೂ ಕೂತು ಮೇಲ್ ಕಳಿಸ್ತೀಯಲ್ಲ, ಪಾಪ. ಇನ್ಮೇಲೆ ಅದೆಲ್ಲ ಬೇಡ. ಬೆಳಗ್ಗೆ ಬಂದು ಪ್ರಿಂಟ್ ತೆಗೆದು ನನ್ನ ಟೇಬಲ್ ಮೇಲಿಡು."