ನೋಡಲೇಬೇಕಾದ ಬಂಡೆ: ಬೀಗರಿಗೊಂದು ಬಹಿರಂಗ ಪತ್ರ

ಸಾಗರದ ಹೆಣ್ಣಿನ ಸೋದರಮಾವನವರಿಗೆ, ಮಳವಳ್ಳಿಯ ಗಂಡಿನ ದೊಡ್ಡಪ್ಪ ಮಾಡುವ ನಮಸ್ಕಾರಗಳು.

ಮದುವೆ ಚೆನ್ನಾಗಿ ನಡೆಯಿತು. ಹುಡುಗಿ ಬಂಗಾರದಂಥವಳು. ಆದ್ದರಿಂದ ಈ ಪತ್ರ ಹೆಣ್ಣಿನ ಕಡೆಯವರಿಗಲ್ಲ, ನಿಮ್ಮೊಬ್ಬರಿಗೆ. ಲಗ್ನಪತ್ರಿಕೆಯ ಬೆನ್ನಿಗೇ ವಾಟ್ಸಾಪಿನಲ್ಲಿ 'ಬೀಗರು ನೋಡಲೇಬೇಕಾದ ಸ್ಥಳ, ಉಣ್ಣಲೇಬೇಕಾದ ಊಟ' ಅಂತ ಬಣ್ಣದ ಪಟ್ಟಿ ಕಳಿಸಿದವರು ನೀವೇ ತಾನೆ?

ಪಟ್ಟಿಯ ಮುಕ್ಕಾಲು ಭಾಗ ಜೋಗದ ಫೋಟೊ. ರಾಜ, ರಾಣಿ, ರೋರರ್, ರಾಕೆಟ್ ಎಲ್ಲ ಕಲೆತು ಹಾಲು ಉಕ್ಕಿದ ಹಾಗೆ ಸುರಿಯುತ್ತಿವೆ. ಕೆಳಗೆ '830 ಅಡಿ! ತುಂತುರು ಹಾರುತ್ತದೆ, ಛತ್ರಿ ಮರೆಯಬೇಡಿ' ಅಂತ ಎಚ್ಚರಿಕೆ. ಮರೆಯಲಿಲ್ಲ ಸ್ವಾಮಿ. ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದ 32 ಜನ, ಮೇ ತಿಂಗಳ ಹನ್ನೊಂದು ಗಂಟೆಗೆ, ಏಳು ಛತ್ರಿ ಸಮೇತ ಜೋಗದ ಕಂಬಿ ಹಿಡಿದು ನಿಂತೆವು. ಛತ್ರಿ ಉಪಯೋಗಕ್ಕೆ ಬಂತು. ಬಿಸಿಲಿಗೆ.

ಎದುರಿಗೆ ಬಂಡೆ. ಬಂಡೆಯ ಒಂದು ಮಗ್ಗುಲಲ್ಲಿ, ಯಾರೋ ಮೇಲುಗಡೆ ನಲ್ಲಿ ಪೂರ್ತಿ ತಿರುಗಿಸದೆ ಹೋದಂತೆ ಒಂದು ಬಿಳಿ ಎಳೆ.

"ತಾತ, ಜೋಗ ಎಲ್ಲಿ?" ಅಂದ ಮೊಮ್ಮಗ.

"ಇದೇ ಕಣಪ್ಪ."

"ಇದಲ್ಲ, ಮೊಬೈಲಲ್ಲಿತ್ತಲ್ಲ, ಅದು."

ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದವನು ನಮ್ಮ ಛತ್ರಿ ನೋಡಿ ನಕ್ಕ. ಮೇಲೆ ಲಿಂಗನಮಕ್ಕಿ ಕಟ್ಟೆ ಇದೆ, 1964ರಿಂದ ಶರಾವತಿ ಅಲ್ಲೇ ನಿಲ್ಲುತ್ತಾಳೆ, ಅಲ್ಲಿಂದ ಕರೆಂಟಿಗೆ ಹೋಗುತ್ತಾಳೆ, ಜೋಗಕ್ಕೆ ಬರಬೇಕಾದರೆ ಮಳೆಗಾಲದಲ್ಲಿ ಬರಬೇಕು ಅಂತ ಪಾಠ ಹೇಳಿದ. ಕಡಲೆಕಾಯಿಯವನಿಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲವೇ? ಪುರೋಹಿತರು ಗುರುಬಲ ನೋಡಿ ವೈಶಾಖದಲ್ಲಿ ಮುಹೂರ್ತ ಇಟ್ಟರು, ಸರಿ. ಜಲಬಲ ನೋಡುವ ಕೆಲಸ ಊರಿನವರಾದ ನಿಮ್ಮದಾಗಿತ್ತು.

ತಮಾಷೆ ಸಾಕು. ನನಗೆ ನಿಜಕ್ಕೂ ಸಿಟ್ಟು ಬಂದಿದೆ. ಮಂಡಿನೋವಿನ ನನ್ನ ಅಕ್ಕ ಜೀವಮಾನದಲ್ಲಿ ಒಂದು ಸಲ ಜೋಗ ನೋಡಬೇಕು ಅಂತ ಈ ಬಸ್ಸು ಹತ್ತಿದ್ದಳು. ಅರ್ಧ ಗಂಟೆ ಬಂಡೆ ನೋಡಿ, "ನೀರಿದ್ದಾಗ ಚೆನ್ನಾಗಿರುತ್ತೇನೋ" ಅಂದಳು. ಅಷ್ಟೇ. ಅವಳು ಬೈದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಒಣಗಿದ ಜಲಪಾತ ನೋಡುವುದೇ ಆಗಿದ್ದರೆ ನಮ್ಮ ತಾಲ್ಲೂಕಿನಲ್ಲೇ ಗಗನಚುಕ್ಕಿ ಇದೆಯಲ್ಲ! ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದವರು ನಾವು. ಬಂಡೆ ನೋಡಿ ನೋಡಿ ನಮ್ಮ ಕಣ್ಣು ಪಳಗಿದೆ.

ಇನ್ನು ಉಣ್ಣಲೇಬೇಕಾದ ಊಟ. ಮೂರು ಗಂಟೆಗೆ ಸಾಗರಕ್ಕೆ ಬಂದು ನೀವು ಬರೆದ ಮೆಸ್ಸು ಹುಡುಕಿದೆವು. ಅಪ್ಪೆಹುಳಿ, ನೀರುದೋಸೆ ಅಂತ ಬಾಯಲ್ಲಿ ನೀರು ಬರಿಸಿದ್ದಿರಿ. (ಆ ದಿನ ನಾವು ಕಂಡ ನೀರು ಅದೊಂದೇ.) ಬಾಗಿಲಿಗೆ ಬೀಗ. ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ 'ಮದುವೆ ಅಡುಗೆಗೆ ಹೋಗಿದ್ದೇವೆ, ಎರಡು ದಿನ ರಜೆ.' ಯಾರ ಮದುವೆ ಅಂತ ಪಕ್ಕದಂಗಡಿಯಲ್ಲಿ ಕೇಳಿದರೆ, ನಮ್ಮದೇ! ಛತ್ರಕ್ಕೆ ಓಡಿದೆವು. ಅಲ್ಲಿ ಪಾತ್ರೆ ತೊಳೆಯುತ್ತಿದ್ದರು. "ಬೀಗರು ಹೊರಗೇ ಊಟ ಮುಗಿಸಿ ಬರುತ್ತಾರೆ ಅಂತ ಮಾವನವರು ಹೇಳಿದ್ದರಲ್ಲ" ಅಂದರು ಭಟ್ಟರು. 32 ಜನ ಬಾಳೆಹಣ್ಣು ತಿಂದು ಮಲಗಿದೆವು.

ಹೊರಡುವ ದಿನ ಡ್ರೈವರು ತಾನಾಗಿ ಇಕ್ಕೇರಿಗೆ ಕರೆದೊಯ್ದ. ಸಾಗರದಿಂದ ಕೂಗಳತೆ. ಅಘೋರೇಶ್ವರನ ಎದುರು ಅಷ್ಟು ದೊಡ್ಡ ನಂದಿ, ತಣ್ಣನೆಯ ಕಲ್ಲು. ಅಕ್ಕ ಮಂಟಪದಲ್ಲಿ ಕಾಲು ಚಾಚಿ ಕೂತಳು, ಏಳಲೊಲ್ಲಳು. ನಿಮ್ಮ ಪಟ್ಟಿಯಲ್ಲಿ ಹುಡುಕಿದೆ. ಕೊನೆಯ ಸಾಲಿನಲ್ಲಿ, ಕೆಳದಿಯ ಜೊತೆ, 'ಸಮಯವಿದ್ದರೆ' ಅಂತಿತ್ತು.

ಬರುವ ಭಾನುವಾರ ನಮ್ಮೂರಲ್ಲಿ ಬೀಗರೂಟ. ನಾನೂ ಒಂದು ಪಟ್ಟಿ ಮಾಡಿಸಿದ್ದೇನೆ. ನೋಡಲೇಬೇಕಾದ ಸ್ಥಳ: ಗಗನಚುಕ್ಕಿ. ಫೋಟೊ ಆಗಸ್ಟಿನದು. ಛತ್ರಿ ತನ್ನಿ.

ಊಟ ಮಾತ್ರ ನಮ್ಮ ಮನೆಯಲ್ಲೇ. ಎಷ್ಟು ಹೊತ್ತಿಗೆ ಬಂದರೂ ಬಿಸಿ ಮುದ್ದೆ, ಸಾರು ಇರುತ್ತದೆ.

ಇಂತಿ,
ಗಂಡಿನ ದೊಡ್ಡಪ್ಪ