ಒಂದು ಗುಂಡು ಕಡಿಮೆ

ಯಾವ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಪಾಠ ನಮ್ಮದು, ಲ್ಯಾಬು ಅವರದು. ಸಿಂಧನೂರಿನಲ್ಲಿ ನನ್ನ ಪಾಲಿಗೆ ಬಂದವರು ಅಟೆಂಡರ್ ಕಾಕಾ. ಸಿಲ್ವರ್ ನೈಟ್ರೇಟಿನಿಂದ ಕಪ್ಪಾದ ಬೆರಳು, ಆಸಿಡ್ ಹನಿ ಬಿದ್ದು ತೂತಾದ ಟವೆಲ್ಲು, ಸೊಂಟದಲ್ಲಿ ಬೀರುವಿನ ಕೀಲಿ.

ಕ್ರೋಮಿಯಂ ದ್ರಾವಣ ಹಿಡಿದು ಯಾವ ಹುಡುಗ ಸಿಂಕಿನ ಕಡೆ ತಿರುಗಿದರೂ, "ಏ ತಮ್ಮಾ, ಆ ನೀರು ಎಲ್ಲಿಗೆ ಹೋಕೈತಿ ಗೊತ್ತೈತೇನು?" ಎಂದು ಗುಡುಗುತ್ತಿದ್ದರು. ಆಸಿಡ್ ಒಂದು ಬಾಟಲಿಗೆ, ಸೀಸ-ಕ್ರೋಮಿಯಂ ಇನ್ನೊಂದಕ್ಕೆ, ಅಸಿಟೋನ್ ಮತ್ತೊಂದಕ್ಕೆ. ನೈಟ್ರಿಕ್ ಆಸಿಡ್ಡಿಗೆ ಅಸಿಟೋನ್ ಸುರಿದು ಬಿರಡೆ ಬಿಗಿದರೆ ಬಾಟಲಿ ಸಿಡಿಯುತ್ತದೆಂದು ಎಂ.ಎಸ್ಸಿ. ಓದಿದ ನನಗೇ ಪಾಠ! ಒಮ್ಮೆ ಚೀಟಿ ಅಂಟಿಸದೆ ಬಾಟಲಿ ಕೊಟ್ಟೆ. ವಾಪಸು ಬಂತು. "ಸರ, ಮಸ್ಕಿ ಬಂಡಿ ಮ್ಯಾಲೆ ಹೆಸರು ಬರೆಸಿದ್ದಿಲ್ಲಾಂದ್ರ ದೇವಾನಾಂಪ್ರಿಯ ಅಂದ್ರ ಅಶೋಕನ ಅಂತ ಯಾರಿಗೆ ತಿಳೀತಿತ್ರಿ? ನಿಮ್ಮ ಬಾಟ್ಲಿ ಯಾವ ಲೆಕ್ಕ?" 1915ರಲ್ಲಿ ಸಿಕ್ಕ ಆ ಶಾಸನ ಇತಿಹಾಸಕಾರರಿಗೆ ಉಪಕಾರ ಮಾಡಿರಬಹುದು. ನನಗಂತೂ ಮಾಡಲಿಲ್ಲ.

ಅವರ ಚಹಾ ಮಾತ್ರ ಬೀಕರಿನಲ್ಲೇ. ಲ್ಯಾಬಿನಲ್ಲಿ ಬಾಯಿಗೆ ಏನೂ ಹಾಕಬಾರದು ಎಂಬ ಮೊದಲ ನಿಯಮವನ್ನು ನೆನಪಿಸಿದೆ. ತಿರುಗಿಸಿ ತೋರಿಸಿದರು: ಚೀಟಿಯಲ್ಲಿ 'ಚಹಾ', ಕೆಳಗೆ ತಾರೀಖು.

ಇನ್ನು ಥರ್ಮಾಮೀಟರಿನ ದಿನ. ಒಡೆದವನು ನಾನೇ. ಪಾದರಸ ನೆಲದ ತುಂಬ ಉರುಳಿತು. ಜವಾನನನ್ನು ಕರೆದು ಕಸಬರಿಗೆ ತರಿಸುತ್ತಿದ್ದೆ, ಕಾಕಾ ಅಡ್ಡ ನಿಂತರು. ಗುಡಿಸಿದರೆ ಗುಂಡು ಸಣ್ಣ ಗುಂಡುಗಳಾಗಿ ಒಡೆದು ಇನ್ನಷ್ಟು ಆವಿಯಾಗುತ್ತದಂತೆ. ಫ್ಯಾನ್ ಬಂದ್, ಕಿಟಕಿ ಖುಲ್ಲಾ, ಹುಡುಗರು ಹೊರಗೆ. ಆಮೇಲೆ ನೆಲಕ್ಕೆ ಕೆನ್ನೆ ತಾಗುವಷ್ಟು ಬಾಗಿ ಟಾರ್ಚನ್ನು ಓರೆಯಾಗಿ ಹಿಡಿದರು. ಅಲ್ಲೊಂದು ಇಲ್ಲೊಂದು ಮಿನುಗು. ಪೋಸ್ಟ್‌ಕಾರ್ಡಿನಿಂದ ಒಂದೊಂದನ್ನೇ ತಳ್ಳಿ, ಕೂಡಿಸಿ, ನೀರಿದ್ದ ಬಾಟಲಿಗೆ ಇಳಿಸಿದರು. ಸಂದಿಗಳಿಗೆ ಗಂಧಕದ ಪುಡಿ. ಎಲ್ಲ ಮುಗಿದ ಮೇಲೂ ಬಾಟಲಿ ಎತ್ತಿ ನೋಡಿ, "ಕಡಿಮಿ ಐತ್ರಿ ಸರ," ಎಂದರು. ಮತ್ತೆ ಮೊಣಕಾಲೂರಿದೆವು. ಲಿಂಗಸುಗೂರಿನ ಕೊನೆಯ ಬಸ್ಸು ಹೋಯಿತು. ರಾತ್ರಿ ಅವರ ಮನೆಯಲ್ಲೇ ಜೋಳದ ರೊಟ್ಟಿ, ಪುಂಡಿಪಲ್ಯೆ. ಊಟ ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಲು ಈಗಲೂ ಮುಜುಗರ.

ಇಷ್ಟೆಲ್ಲ ಕೂಡಿಟ್ಟದ್ದು ಹೋಗಬೇಕಾದದ್ದೆಲ್ಲಿಗೆ? 2016ರ ನಿಯಮದಂತೆ ಅಪಾಯಕಾರಿ ತ್ಯಾಜ್ಯವನ್ನು ಇಟ್ಟುಕೊಳ್ಳಬಹುದಾದದ್ದು ಸಾಮಾನ್ಯವಾಗಿ 90 ದಿನ. ನಮ್ಮ ಬೀರುವಿನ ಮುಂದೆ ಮೂವರು ಪ್ರಾಂಶುಪಾಲರು ನಿವೃತ್ತರಾದರು, ಬಾಟಲಿಗಳು ಆಗಲಿಲ್ಲ. ಐದಾರು ಲೀಟರಿಗೆ ಗಾಡಿ ಯಾರು ಕಳಿಸುತ್ತಾರೆ? ಕಾಕಾ ಪ್ರತಿ ಸೋಮವಾರ ಬಿರಡೆ ಮುಟ್ಟಿ ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕುತ್ತಿದ್ದರು. ಅದು ಯಾರಿಗಾಗಿ ಎಂದು ನಾನು ನಗುತ್ತಿದ್ದೆ. ಅವರು ನಿವೃತ್ತರಾದ ಮೇಲೆ ಆ ಸಹಿ ನನ್ನದಾಯಿತು. ಒಂದು ಸೋಮವಾರ ಮರೆತರೆ ರಾತ್ರಿ ನಿದ್ದೆ ಹತ್ತುವುದಿಲ್ಲ.

ಹೋದ ತಿಂಗಳು ಸುಣ್ಣ ಬಳಿಯಲು ಬೀರು ಸರಿಸಿದರು. ಗೋಡೆಯ ಬುಡದ ಬಿರುಕಿನಲ್ಲಿ ಏನೋ ಮಿನುಗಿತು. ಸಾಸಿವೆಯಷ್ಟು ಗುಂಡು. ಓಡಿ ಹೋಗಿ ಕಾಕಾಗೆ ಫೋನ್ ಹಚ್ಚಿದೆ.

"ಕಾಕಾ, ಸಿಕ್ತು!"

ಏನು ಸಿಕ್ಕಿತೆಂದು ಅವರು ಕೇಳಲಿಲ್ಲ.

"ಫ್ಯಾನ್ ಬಂದ್ ಮಾಡೀರೇನ್ರಿ?" ಎಂದರು.