ಹೊಸಹೊಳಲಿನ ಶಿಲ್ಪಪಟ್ಟಿಕೆಗಳಲ್ಲಿ ಪುರಸಭಾ ಆಯವ್ಯಯ: ಒಂದು ಸಂಶೋಧನೆ

ಹಳಗನ್ನಡದಲ್ಲಿ ‘ಪೊಳಲ್’ ಎಂದರೆ ಪಟ್ಟಣ. ಆದ್ದರಿಂದ ಹೊಸಹೊಳಲು ಎಂದರೆ ಹೊಸ ಪಟ್ಟಣ. ಈಗಿನ ಮಾತಿನಲ್ಲಿ ನ್ಯೂ ಎಕ್ಸ್‌ಟೆನ್ಷನ್. ಶತಮಾನಗಳೇ ಕಳೆದರೂ ಹೆಸರಿನ ‘ಹೊಸ’ ಕಳಚಿಲ್ಲವೆಂದರೆ ಖಾತೆ ಬದಲಾವಣೆಯ ಅರ್ಜಿ ಇನ್ನೂ ವಿಲೇವಾರಿಯಾಗಿಲ್ಲ ಎಂದೇ ತಿಳಿಯಬೇಕು. ಈ ವಿಷಯದಲ್ಲಿ ವಿದ್ವಾಂಸರ ಮೌನ ಅರ್ಥಪೂರ್ಣವಾದುದು.

ಕೆ.ಆರ್. ಪೇಟೆಯ ಮಗ್ಗುಲಲ್ಲೇ ಇರುವ ಈ ಊರಿನ ಲಕ್ಷ್ಮೀನಾರಾಯಣ ದೇವಾಲಯ ಹೊಯ್ಸಳ ಸೋಮೇಶ್ವರನ ಕಾಲದ್ದು, ಸುಮಾರು 1250ರದ್ದು ಎಂದು ಪೂರ್ವಸೂರಿಗಳು ಹೇಳಿದ್ದಾರೆ. ಕಾಲ ಸರಿ, ಕಟ್ಟಡ ತಪ್ಪು. ಅದು ಕಲ್ಲಿನಲ್ಲಿ ಕಡೆದ ಬಜೆಟ್ ಪುಸ್ತಕ. ಅದು ತ್ರಿಕೂಟ, ಬಜೆಟ್‌ನಲ್ಲೂ ರಾಜಸ್ವ, ಬಂಡವಾಳ, ಅಸಾಧಾರಣ ಎಂದು ಜಮೆ ಮೂರು ಬಗೆ. ಗರ್ಭಗುಡಿ ಮೂರಿದ್ದರೂ ಶಿಖರವಿರುವುದು ನಡುವಿನದಕ್ಕೆ ಮಾತ್ರ. ಅನುಮೋದನೆ ಮೂರಕ್ಕೆ, ಹಣ ಬಿಡುಗಡೆ ಒಂದಕ್ಕೆ. ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ಬೇಕೆನ್ನುವವರು ಜಗತಿ ಹತ್ತಿ ಗೋಡೆಯ ಬುಡ ನೋಡಬೇಕು. ಅಲ್ಲಿ ಆರು ಪಟ್ಟಿಕೆಗಳಿವೆ. ಕೆಳಗಿನದು ಆನೆ. ಒಂದರ ಬಾಲ ನೋಡುತ್ತಾ ಇನ್ನೊಂದು, ಏಪ್ರಿಲ್ ತಿಂಗಳ ಕೌಂಟರಿನ ಸಾಲಿನ ಹಾಗೆ ನಿಂತಿವೆ. ಇವರೇ ಕಂದಾಯ ಕಟ್ಟುವವರು. ಮೇಲಿನದ್ದೆಲ್ಲ ನಿಂತಿರುವುದು ಇವರ ಬೆನ್ನ ಮೇಲೆ. ಅದರ ಮೇಲೆ ಕುದುರೆ: ನಾಗಾಲೋಟದ ಭಂಗಿ, ಸುಮಾರು ಎಂಟುನೂರು ವರ್ಷದಿಂದ ಅದೇ ಜಾಗ. ಇದು ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಅನುದಾನ ಎಂಬುದರಲ್ಲಿ ಸಂಶಯವಿಲ್ಲ. ಆಮೇಲೆ ಬಳ್ಳಿ, ಬುಡವೆಲ್ಲೋ ತುದಿಯೆಲ್ಲೋ. ತಿಂಗಳಿಗೆ ಶೇ 2ರ ದಂಡದಲ್ಲಿ ಹಬ್ಬುವ ಬಾಕಿಯೇ ಇದು. ನಾಲ್ಕನೆಯದು ರಾಮಾಯಣ, ಮಹಾಭಾರತ, ಭಾಗವತ, ಅಂದರೆ ಬಜೆಟ್ ಭಾಷಣ. ಕಥೆ ಗೊತ್ತಿದ್ದರೂ ವರ್ಷಾ ವರ್ಷಾ ಕೇಳುತ್ತೇವೆ.

ಐದನೆಯದು ಮಕರ. ಅದರ ಮುಂದೆ ನಾನು ಒಂದು ಮಧ್ಯಾಹ್ನ ಪೂರ್ತಿ ಕುಳಿತಿದ್ದೆ. ಬಾಯಿ ಮೊಸಳೆಯದು, ಸೊಂಡಿಲು ಆನೆಯದು, ಬಾಲ ಯಾವುದೋ ಹಕ್ಕಿಯದು. ಇಂಥದೇ ಪ್ರಾಣಿ ಎಂದು ಹೇಳುವಂತಿಲ್ಲ, ಆದರೆ ತಿನ್ನುತ್ತದೆ ಎಂಬುದು ಖಚಿತ. ‘ಇತರೆ ವೆಚ್ಚ’ ಎಂಬ ಶೀರ್ಷಿಕೆಯನ್ನು ಇಷ್ಟು ನಿಖರವಾಗಿ ಚಿತ್ರಿಸಿದವರು ಇನ್ನೊಬ್ಬರಿಲ್ಲ. ಎಲ್ಲಕ್ಕಿಂತ ಮೇಲೆ ಹಂಸ: ಹಾಲು ನೀರು ಬೇರೆ ಮಾಡಬೇಕಾದ ಲೆಕ್ಕಪರಿಶೋಧನೆ. ಅದು ಮೇಲಿದ್ದುಕೊಂಡು ಮುಂದಕ್ಕೆ ನೋಡುತ್ತದೆ, ಕೆಳಕ್ಕಲ್ಲ.

ಇನ್ನು ತೆರಿಗೆ. ಹೊಯ್ಸಳ ಶಾಸನಗಳಲ್ಲಿ ಗಾಣದೆರೆ, ಮಗ್ಗದೆರೆ, ಮದುವೆವಣಗಳು ಬರುತ್ತವೆ. ಗಾಣ ಕಾಣುತ್ತಿತ್ತು, ಮಗ್ಗ ಕಾಣುತ್ತಿತ್ತು, ಮದುವೆಯ ಊಟವಾದರೂ ಸಿಗುತ್ತಿತ್ತು. ನಮ್ಮ ಕಾಲದ್ದು ಹೆಚ್ಚು ಸೂಕ್ಷ್ಮ. 2002ರಿಂದ ಸ್ವಯಂ ಘೋಷಿತ ಆಸ್ತಿ ತೆರಿಗೆ: ನಮ್ಮ ಮನೆ ನಾವೇ ಅಳೆದು, ನಾವೇ ಗುಣಿಸಿ, ನಾವೇ ಕಟ್ಟಬೇಕು. ಆಮೇಲೆ ಅದನ್ನು ಮಾರ್ಗಸೂಚಿ ದರಕ್ಕೆ ಗಂಟುಹಾಕಿ, ವರ್ಷಕ್ಕೆ ಶೇ 3ರಿಂದ 5ರಷ್ಟು ತಾನಾಗಿ ಏರುವಂತೆ ಮಾಡಿದರು. ಶೇ 5ರಂತೆ ಹತ್ತು ಸಲ ಏರಿದರೆ ಸಾವಿರ ರೂಪಾಯಿ 1,629 ಆಗುತ್ತದೆ. ಜೊತೆಗೆ ಉಪಕರಗಳು: ಆರೋಗ್ಯ ಶೇ 15, ಗ್ರಂಥಾಲಯ ಶೇ 6, ಭಿಕ್ಷುಕರದ್ದು ಶೇ 3. ಈ ಅನುಕ್ರಮದಲ್ಲಿ ಒಂದು ಜೀವನಕ್ರಮವೇ ಅಡಗಿದೆ: ಮೊದಲು ಆರೋಗ್ಯವಾಗಿದ್ದು, ಆಮೇಲೆ ಓದಿ, ಕೊನೆಗೆ ಮೂರನೆಯದಕ್ಕೆ ಅರ್ಹತೆ ಪಡೆಯುವುದು.

ನನ್ನ ಟಿಪ್ಪಣಿ ನೋಡುತ್ತಾ ಜಗತಿಯ ಮೇಲೆ ಕೂತಿದ್ದ ಹಿರಿಯರೊಬ್ಬರು ಕೇಳಿದರು: “ಅಲ್ಲ ಕಣ್ ಸಾ, ಮನೆ ವರ್ಷಾ ವರ್ಷಾ ಹಳೇದಾಯ್ತದೆ. ಕಂದಾಯ ಯಾಕೆ ಹೊಸದಾಯ್ತದೆ?”

ಸವಕಳಿ, ಮಾರುಕಟ್ಟೆ ಮೌಲ್ಯ, ಬಂಡವಾಳ ಮೌಲ್ಯ ಎಂದೆಲ್ಲ ಹೇಳಿದೆ. ಅವರು ಬೀಡಿ ಹಚ್ಚಲು ಹೊರಗೆ ಹೋಗಿ ಬಂದರು. ನಾನು ಇನ್ನೂ ಹೇಳುತ್ತಿದ್ದೆ.

ಕೊನೆಗೆ ನನ್ನ ಮುಖ್ಯ ಶೋಧನೆಯನ್ನು ಅವರ ಮುಂದಿಟ್ಟೆ. ಸಾಮಾನ್ಯವಾಗಿ ಊರೂರಿನ ಪುರಸಭೆಗಳು ಮಂಡಿಸುವುದು ‘ಉಳಿತಾಯ ಬಜೆಟ್’. ಆ ಉಳಿತಾಯ ಎಲ್ಲಿದೆ ಎಂದು ಯಾರೂ ತೋರಿಸಿಲ್ಲ. ನಾನು ತೋರಿಸುತ್ತೇನೆ ಎಂದೆ. ಹೋದ ವರ್ಷ ಸಾವಿರ ರೂಪಾಯಿ. ಈ ವರ್ಷ ಶೇ 5 ಏರಿ 1,050. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ, ಅಂದರೆ ಐವತ್ತೆರಡೂವರೆ ರೂಪಾಯಿ ವಜಾ. ಕಟ್ಟಬೇಕಾದ್ದು 997 ರೂಪಾಯಿ 50 ಪೈಸೆ. ಎರಡೂವರೆ ರೂಪಾಯಿ ಉಳಿತಾಯ!

ಅವರು ಬೆರಳು ಮಡಿಸಿ ಎಣಿಸಿದರು. “ಹೋದೊರ್ಷಾನೂ ರಿಯಾಯ್ತಿ ಇತ್ತಲ್ವಾ ಸಾ?”

ಇತ್ತು. ಹೋದ ವರ್ಷ ಅವರು ಕಟ್ಟಿದ್ದು 950. ಪ್ರಬಂಧದ ಈ ಭಾಗವನ್ನು ಪರಿಷ್ಕರಣೆಗಾಗಿ ತಡೆಹಿಡಿಯಲಾಗಿದೆ. ರಿಯಾಯಿತಿಗೆ ಕೊನೆಯ ದಿನ ಏಪ್ರಿಲ್ 30.